ಗಗನದ ದಾರಿ ತೆರೆದ ಜೆ. ಆರ್. ಡಿ. ಟಾಟಾ

ನಮ್ಮೂರು ಫರಂಗಿಪೇಟೆ. ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ಹೆದ್ದಾರಿಯ ಮೇಲೆ, ನೇತ್ರಾವತಿಯ ದಡಕ್ಕೆ ಅಂಟಿಕೊಂಡಿರುವ ಒಂದು ಚಿಕ್ಕ ಪೇಟೆ. ಫರಂಗಿಗಳೆಂದರೆ ಪೋರ್ಚುಗೀಸರು. ಅವರಿಂದಲೇ ಊರಿಗೆ ಈ ಹೆಸರು ಬಂದಿತು. ಆ ಫರಂಗಿಗಳ ಮುಂದಾಳು ವಾಸ್ಕೋ ಡ ಗಾಮನು 1497ರ ಜುಲೈ ತಿಂಗಳಲ್ಲಿ ಲಿಸ್ಬನ್ನಿನಿಂದ ಹಡಗೇರಿದವನು ಕಲ್ಲಿಕೋಟೆಯ ಹತ್ತಿರ ನೆಲ ಕಂಡದ್ದು 1498ರ ಮೇ ತಿಂಗಳಲ್ಲಿ. ಹತ್ತು ತಿಂಗಳ ಪಯಣ! ಹೀಗೆ ದೂರದಿಂದ ಬಂದವರ ಹೆಸರನ್ನು ಹೊತ್ತುಕೊಂಡಿರುವ ನಮ್ಮ ಪೇಟೆಯಿಂದ ಇಂದು ಮನೆಗೊಬ್ಬರಂತೆ ದೂರಕ್ಕೆ ಹೋಗುವವರಿದ್ದಾರೆ. ಸಂಜೆ ಹೊಳೆಯ ಬದಿಯಲ್ಲಿ ನಿಂತರೆ ಬಜ್ಪೆಯ ಕಡೆಗೆ ತಿರುಗುವ ವಿಮಾನದ ದೀಪ ಕಾಣಿಸುತ್ತದೆ. ಆ ದೀಪವನ್ನು ಕಂಡಾಗಲೆಲ್ಲ ನಮ್ಮ ಅಜ್ಜಿ ಕೈಕೆಲಸ ನಿಲ್ಲಿಸಿ ಮೇಲೆ ನೋಡುತ್ತಾಳೆ. ನನ್ನ ಅಣ್ಣ ದುಬಾಯಿಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದಾನೆ.

ಕಳೆದ ವರ್ಷ ಆಟಿ ತಿಂಗಳ ಒಂದು ರಾತ್ರಿ ನಮ್ಮ ಅಜ್ಜ ತೀರಿಕೊಂಡರು. ಸುದ್ದಿ ಅಣ್ಣನಿಗೆ ಮುಟ್ಟಲು ಒಂದು ನಿಮಿಷವೂ ಬೇಕಾಗಲಿಲ್ಲ. ದುಬಾಯಿಯಿಂದ ಮಂಗಳೂರಿಗೆ ನಾಲ್ಕು ಗಂಟೆಯೊಳಗೆ ಬರಬಹುದು ಎಂದು ನೆರೆಯವರೆಲ್ಲ ಹೇಳಿದರು. ಅಪ್ಪ ಮರುದಿನ ಮಧ್ಯಾಹ್ನದವರೆಗೆ ಕಾದರು. ಆದರೆ ಅಣ್ಣ ಕೆಲಸ ಮಾಡುತ್ತಿದ್ದ ಕಡೆಯಲ್ಲಿ ರಜೆಗೆ ಒಪ್ಪಿಗೆ ಸಿಕ್ಕಿ, ಪಾಸ್‌ಪೋರ್ಟು ಕೈಗೆ ಬಂದು, ಟಿಕೆಟು ದೊರೆಯುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಮೂರನೆಯ ದಿನ ಅವನು ಅಂಗಳಕ್ಕೆ ಕಾಲಿಟ್ಟಾಗ ಚಿತೆ ಆರಿ ಬೂದಿಯಾಗಿತ್ತು. ಅವನು ಚೀಲವನ್ನು ಕೆಳಗಿಡದೆ ಬಹಳ ಹೊತ್ತು ಅಲ್ಲಿಯೇ ನಿಂತಿದ್ದ. ಬೊಜ್ಜ ಮುಗಿಸಿ ಅವನು ಹಿಂದಿರುಗಿ ಹೋದ ಮೇಲೆ ಅಜ್ಜಿ ನನ್ನನ್ನು ಕೇಳಿದಳು, ಕಾಲೇಜಿಗೆ ಹೋಗುವವನು ನೀನು, ಆ ಊರು ನಿಜವಾಗಿ ಎಷ್ಟು ದೂರ ಹೇಳು ಎಂದು. ನನಗೆ ಉತ್ತರ ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಂಥ ನನಗೆ ಉತ್ತರ ತಿಳಿಯದ್ದು ನಾಚಿಕೆಯೆನಿಸಿತು.

ಮರುದಿನ ನಮ್ಮ ಭೂಗೋಳ ಉಪನ್ಯಾಸಕರಲ್ಲಿ ಹೋಗಿ ಕೇಳಿದೆನು. ಅವರು ಪಾಠ ಹೇಳಲಿಲ್ಲ. ಕಪಾಟಿನ ಮೇಲಿನ ಗೋಲವನ್ನು ಇಳಿಸಿ, ಒಂದು ತುಂಡು ನೂಲು ಕೊಟ್ಟು, ನೀನೇ ಅಳೆದು ನೋಡು ಎಂದರು. ಎರಡು ಊರುಗಳ ನಡುವೆ ನೂಲನ್ನು ಬಿಗಿಯಾಗಿ ಎಳೆದರೆ ಅದು ಗೋಲದ ಮೇಲೆ ತಾನೇ ಅತಿ ಹತ್ತಿರದ ದಾರಿಯನ್ನು ಹುಡುಕಿಕೊಳ್ಳುತ್ತದೆ. ಆ ನೂಲನ್ನು ಅಳತೆಗೆ ತಕ್ಕಂತೆ ಹೆಚ್ಚಿಸಿದಾಗ ಮಂಗಳೂರಿನಿಂದ ದುಬಾಯಿಗೆ ಸುಮಾರು 2,450 ಕಿಲೋಮೀಟರ್ ಬಂದಿತು. ಅಣ್ಣನ ಹಳೆಯ ಟಿಕೆಟನ್ನೂ ತೋರಿಸಿದೆ. ಅದರಲ್ಲಿ ಹೊರಡುವ ವೇಳೆಗೂ ತಲುಪುವ ವೇಳೆಗೂ ನಡುವೆ ಎರಡೂವರೆ ಗಂಟೆಯೂ ಇರಲಿಲ್ಲ. ದುಬಾಯಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಅಷ್ಟನ್ನು ಕೂಡಿಸಿದರೆ ಮಾತ್ರ ನಿಜವಾದ ಹೊತ್ತು, ಅಂದರೆ ನಾಲ್ಕು ಗಂಟೆಯ ಸಮೀಪ, ದೊರೆಯುವುದು. ಬರುವಾಗ ಪಡುವಣ ಗಾಳಿ ಬೆನ್ನಿಗೆ ಬೀಸಿದರೆ ಅದೂ ಕೊಂಚ ಕಡಿಮೆಯಾಗುವುದು. ದೂರವನ್ನು ನೂಲು ಹೇಳುತ್ತದೆ, ಹೊತ್ತನ್ನು ಹೇಳುವುದು ಮನುಷ್ಯರು ಎಂದು ಉಪನ್ಯಾಸಕರು ನಕ್ಕರು. ಹೋಗುವ ಮುನ್ನ ಗ್ರಂಥಾಲಯದಲ್ಲಿ ಜೆ. ಆರ್. ಡಿ. ಟಾಟಾ ಅವರ ಜೀವನವನ್ನು ಓದು ಎಂದು ಸೂಚಿಸಿದರು. ಅವರ ಮಾತಿನ ಅರ್ಥ ನನಗೆ ತಿಳಿದದ್ದು ಆ ಜೀವನವನ್ನು ಓದಿದ ಮೇಲೆ. ಅದನ್ನೇ ಸಹಪಾಠಿಗಳ ಮುಂದೆ ಇಡಲು ಇಲ್ಲಿ ಯತ್ನಿಸಿದ್ದೇನೆ.

ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಮುಂಬಯಿಯ ಪಾರ್ಸಿ ವರ್ತಕರು. ತಾಯಿ ಸೂಜಾನ್ ಫ್ರೆಂಚ್ ಮಹಿಳೆ. ತಂದೆಯ ವ್ಯಾಪಾರ ಕರೆದ ಕಡೆಗೆಲ್ಲ ಸಂಸಾರ ಸಾಗುತ್ತಿತ್ತು. ಹುಡುಗನ ಓದು ಒಮ್ಮೆ ಪ್ಯಾರಿಸ್ಸಿನಲ್ಲಿ, ಒಮ್ಮೆ ಮುಂಬಯಿಯಲ್ಲಿ, ಒಮ್ಮೆ ಜಪಾನಿನ ಯೋಕೋಹಾಮದಲ್ಲಿ ಹೀಗೆ ಚೂರುಚೂರಾಗಿ ನಡೆಯಿತು. ಆಗ ಒಂದು ಊರಿನಿಂದ ಇನ್ನೊಂದಕ್ಕೆ ಹಡಗೇ ಗತಿ. ಸಮುದ್ರದ ಮೇಲೆ ವಾರಗಳೇ ಉರುಳುತ್ತಿದ್ದವು. ತಂದೆ ಒಂದು ಖಂಡದಲ್ಲಿ, ತಾಯಿ ಮಕ್ಕಳು ಇನ್ನೊಂದರಲ್ಲಿ ಇರಬೇಕಾದ ಕಷ್ಟವನ್ನು ಆ ಬಾಲಕ ಕಂಡುಂಡಿದ್ದನು. ಸಿರಿವಂತರ ಮನೆಯಾದರೇನು, ಅಗಲಿಕೆ ಅಗಲಿಕೆಯೇ ಅಲ್ಲವೆ?

ಫ್ರಾನ್ಸಿನ ಉತ್ತರ ತೀರದಲ್ಲಿ ಆರ್ದೆಲೋ ಎಂಬಲ್ಲಿ ಟಾಟಾ ಸಂಸಾರಕ್ಕೆ ಬೇಸಿಗೆಯ ಬಿಡಾರವಿತ್ತು. ಲೂಯಿ ಬ್ಲೇರಿಯೋ ಅಲ್ಲಿ ಅವರ ನೆರೆಯವನು. 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆಯನ್ನು ಮೊಟ್ಟಮೊದಲು ವಿಮಾನದಲ್ಲಿ ದಾಟಿದ ಸಾಹಸಿ ಇವನೇ. ಹಡಗಿನವರು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿದ್ದ ನೀರಿನ ದಾರಿಯನ್ನು ಅವನು ಅರ್ಧ ಗಂಟೆಗೆ ತುಸು ಮೇಲೆ ಮುಗಿಸಿದ್ದನು. ಆ ತೀರದ ಮರಳಿನ ಮೇಲೆ ವಿಮಾನಗಳು ಇಳಿದು ಏರುವುದನ್ನು ನೋಡುತ್ತ ಬೆಳೆದ ಜಹಾಂಗೀರನು ಹದಿನೈದನೆಯ ವಯಸ್ಸಿನಲ್ಲಿ ಅಲ್ಲಿಯೇ ಒಮ್ಮೆ ಪ್ರಯಾಣಿಕನಾಗಿ ಹಾರಿದನು. ವಿಮಾನ ನಡೆಸುವುದೇ ತನ್ನ ಬಾಳಿನ ಕೆಲಸವೆಂದು ಅವನ ಮನಸ್ಸು ಅಂದೇ ನಿಶ್ಚಯಿಸಿತು.

ಮುಂದಿನ ಸಂಗತಿ ನನ್ನಂಥ ವಿದ್ಯಾರ್ಥಿಗೆ ಬಹಳ ನಾಟುವಂಥದು. ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದು ಅವರ ಆಸೆ. ಆದರೆ ಫ್ರಾನ್ಸಿನ ಪ್ರಜೆಯಾದುದರಿಂದ ಕಡ್ಡಾಯವಾಗಿ ಅಲ್ಲಿಯ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕಾಯಿತು. ಅದು ಮುಗಿಯುತ್ತಲೇ ತಂದೆ ಮುಂಬಯಿಗೆ ಕರೆಸಿಕೊಂಡರು. 1925ರ ಕೊನೆಯಲ್ಲಿ ಟಾಟಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಉಮೇದುವಾರರಾಗಿ ಸೇರಿದರು. ಮರುವರ್ಷವೇ ತಂದೆ ತೀರಿಕೊಂಡರು. ತಾಯಿ 1923ರಲ್ಲಿಯೇ ಗತಿಸಿದ್ದರು. ಇಪ್ಪತ್ತೆರಡು ವರ್ಷದ ತರುಣನ ಮೇಲೆ ಒಡಹುಟ್ಟಿದವರ ಭಾರ ಬಿತ್ತು. ಕಾಲೇಜಿನ ಬಾಗಿಲು ಮುಚ್ಚಿಹೋಯಿತು. ಮುಂದೆ ನೂರಾರು ಎಂಜಿನಿಯರರು, ವಿಜ್ಞಾನಿಗಳು ಅವರ ಕೈಕೆಳಗೆ ದುಡಿದರೂ ತಮಗೆ ಪದವಿಯಿಲ್ಲವೆಂಬ ಕೊರತೆ ಅವರನ್ನು ಕೊನೆಯ ತನಕ ಬಿಡಲಿಲ್ಲ. ರಾತ್ರಿಯಲ್ಲಿ ಕುಳಿತು ತಾವಾಗಿಯೇ ಓದಿ ಆ ಕೊರತೆಯನ್ನು ತುಂಬಿಕೊಂಡರು. ಇದನ್ನು ಓದುವಾಗ ನನಗೆ ಪಿಯುಸಿ ಮುಗಿಸಿ, ನನ್ನ ಓದಿಗೆಂದು ತನ್ನ ಓದನ್ನು ಬಿಟ್ಟ ಅಣ್ಣನ ನೆನಪಾಯಿತು.

ಮುಂಬಯಿಯ ಜುಹುವಿನಲ್ಲಿ ವಿಮಾನ ಕಲಿಸುವ ಕ್ಲಬ್ಬು ಆರಂಭವಾದಾಗ ಜೆ. ಆರ್. ಡಿ. ಅವರು ಕೂಡಲೇ ಸೇರಿಕೊಂಡರು. 1929ರ ಫೆಬ್ರವರಿ 10ರಂದು ಅವರಿಗೆ ದೊರೆತ ಚಾಲಕ ಪರವಾನಗಿಯ ಸಂಖ್ಯೆ 1. ಭಾರತದಲ್ಲಿ ಕಲಿತು ಭಾರತದಲ್ಲಿ ಪರವಾನಗಿ ಪಡೆದವರಲ್ಲಿ ಅವರೇ ಮೊದಲಿಗರು. ತಾವು ಸಾಧಿಸಿದ್ದರಲ್ಲೆಲ್ಲ ಆ ಸಣ್ಣ ಪುಸ್ತಕದ ಮೇಲೆ ಅವರಿಗೆ ವಿಶೇಷ ಮಮತೆಯಿತ್ತೆಂದು ಬಲ್ಲವರು ಬರೆದಿದ್ದಾರೆ. ಅದೇ ವರ್ಷ ಅವರು ಫ್ರೆಂಚ್ ಪೌರತ್ವವನ್ನು ಬಿಟ್ಟುಕೊಟ್ಟರು.

ಆ ಕಾಲದಲ್ಲಿ ಆಗಾ ಖಾನರು ಒಂದು ಬಹುಮಾನವನ್ನು ಘೋಷಿಸಿದ್ದರು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ, ಯಾವ ಕಡೆಯಿಂದಾದರೂ ಸರಿ, ಒಂದು ತಿಂಗಳೊಳಗೆ ಒಬ್ಬನೇ ಹಾರಿ ಮುಗಿಸಿದ ಮೊದಲ ಭಾರತೀಯನಿಗೆ 500 ಪೌಂಡು. 1930ರಲ್ಲಿ ಮೂವರು ಕಣಕ್ಕಿಳಿದರು. ಮನಮೋಹನ ಸಿಂಗ್ ಎಂಬ ತರುಣ, ಹದಿಹರೆಯದ ಆಸ್ಪಿ ಎಂಜಿನಿಯರ್, ಮೂರನೆಯವರು ನಮ್ಮ ಕಥಾನಾಯಕರು. ಆಸ್ಪಿ ಇಂಗ್ಲೆಂಡಿನಿಂದ ಈ ಕಡೆಗೆ, ಜೆ. ಆರ್. ಡಿ. ಕರಾಚಿಯಿಂದ ಆ ಕಡೆಗೆ. ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಇಬ್ಬರೂ ಎದುರಾದರು. ಆಸ್ಪಿಯ ಯಂತ್ರಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲದೆ ಅವನು ಅಲ್ಲಿ ಸಿಕ್ಕಿಬಿದ್ದಿದ್ದನು. ಜೆ. ಆರ್. ಡಿ. ತಮ್ಮಲ್ಲಿದ್ದುದನ್ನು ಕೊಟ್ಟರು. ಆಸ್ಪಿ ಹಾರಿಹೋಗಿ ತುಸುವೇ ಅಂತರದಲ್ಲಿ ಬಹುಮಾನವನ್ನು ಗೆದ್ದನು! ಮನಮೋಹನ ಸಿಂಗರು ಮೊದಲೇ ತಲುಪಿದ್ದರೂ ನಡುವೆ ಆದ ತೊಂದರೆಯಿಂದ ತಿಂಗಳ ಗಡುವು ಮೀರಿತ್ತು. ಆಸ್ಪಿ ಎಂಜಿನಿಯರ್ ಮುಂದೆ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಸೋತವರು ಸೋಲಿಗಾಗಿ ಎಂದೂ ಮರುಗಲಿಲ್ಲ. ಹೊತ್ತನ್ನು ಉಳಿಸಲೆಂದೇ ಹೊರಟವರು ಪರರಿಗಾಗಿ ಹೊತ್ತನ್ನು ಕಳೆದುಕೊಳ್ಳಲು ಹಿಂಜರಿಯಲಿಲ್ಲ ಎಂಬುದು ನಾವು ಗಮನಿಸಬೇಕಾದ ಮಾತು.

ಇನ್ನು ಅವರ ಜೀವನದ ಮುಖ್ಯ ಕಾರ್ಯಕ್ಕೆ ಬರೋಣ. 1929ರಿಂದ ಇಂಪೀರಿಯಲ್ ಏರ್‌ವೇಸ್ ಎಂಬ ಬ್ರಿಟಿಷ್ ಕಂಪೆನಿಯು ಲಂಡನ್ನಿನ ಅಂಚೆಯನ್ನು ಒಂದು ವಾರದಲ್ಲಿ ಕರಾಚಿಗೆ ತಂದು ಸುರಿಯುತ್ತಿತ್ತು. ಅಲ್ಲಿಂದ ಮುಂದೆ ದಕ್ಷಿಣಕ್ಕೆ ಅದು ರೈಲಿನಲ್ಲಿ ತೆವಳಬೇಕಾಗಿತ್ತು. ನೆವಿಲ್ ವಿನ್ಸೆಂಟ್ ಎಂಬ ಮಾಜಿ ಸೈನಿಕ ವೈಮಾನಿಕನು ಕರಾಚಿಯಿಂದ ಮದರಾಸಿಗೆ ಆ ಅಂಚೆಯನ್ನು ವಿಮಾನದಲ್ಲಿ ಒಯ್ಯುವ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟನು. ಸಂಸ್ಥೆಯ ಹಿರಿಯರಾದ ದೊರಾಬ್‌ಜಿ ಟಾಟಾ ಅವರನ್ನು ಒಪ್ಪಿಸಿ ಎರಡು ಲಕ್ಷ ರೂಪಾಯಿ ಪಡೆದುದಾಯಿತು. ಸರಕಾರವನ್ನು ಒಪ್ಪಿಸುವುದು ಮಾತ್ರ ಸುಲಭವಾಗಿರಲಿಲ್ಲ. ಸಹಾಯಧನ ಕೇಳಿದರೆ ಹಣವಿಲ್ಲವೆಂಬ ಉತ್ತರ. ಮೂರು ವರ್ಷ ಕಡತಗಳು ಮೇಜಿನಿಂದ ಮೇಜಿಗೆ ಹೋದವು. ಕೊನೆಗೆ, ಸಹಾಯಧನ ಬೇಡ, ಒಯ್ದ ಅಂಚೆಯ ತೂಕಕ್ಕೆ ತಕ್ಕ ಬಾಡಿಗೆ ಕೊಟ್ಟರೆ ಸಾಕು ಎಂದು ಟಾಟಾದವರು ಇಳಿದುಬಂದ ಮೇಲೆಯೇ 1932ರಲ್ಲಿ ಒಪ್ಪಂದವಾಯಿತು. ಏಳು ಗಂಟೆಯ ಹಾರಾಟಕ್ಕೆ ಮೂರು ವರ್ಷದ ಕಾಯುವಿಕೆ. ಅಣ್ಣನ ನಾಲ್ಕು ಗಂಟೆಗೆ ಎರಡು ದಿನ ಹಿಡಿದುದನ್ನು ನೆನೆದಾಗ ಈ ಲೆಕ್ಕ ನನಗೆ ಹೊಸದೆನಿಸಲಿಲ್ಲ.

1932ರ ಅಕ್ಟೋಬರ್ 15. ಇಪ್ಪತ್ತೆಂಟು ವರ್ಷದ ಜೆ. ಆರ್. ಡಿ. ಅವರು ಬೆಳಗ್ಗೆ ಆರೂವರೆಯ ಹೊತ್ತಿಗೆ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಪುಸ್ ಮಾತ್ ಎಂಬ ಒಂಟಿ ಯಂತ್ರದ ಪುಟ್ಟ ವಿಮಾನದಲ್ಲಿ ಮೇಲೇರಿದರು. ಹೊರೆ 25 ಕಿಲೋ ಅಂಚೆ, ಅಂದರೆ ನಮ್ಮಲ್ಲಿ ಒಬ್ಬಾಳು ತಲೆಯ ಮೇಲೆ ಹೊರಬಹುದಾದಷ್ಟು. ದಾರಿ ತೋರಿಸಲು ರೇಡಿಯೋ ಇಲ್ಲ. ಕೆಳಗಿನ ನೆಲವನ್ನು ನೋಡಿಯೇ ದಾರಿ ಹಿಡಿಯಬೇಕು. ಅಹಮದಾಬಾದಿನಲ್ಲಿ ಇಳಿದಾಗ ವಿಮಾನಕ್ಕೆ ಬೇಕಾದ ಎಣ್ಣೆ ಡಬ್ಬಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಂದಿತು. ಅದನ್ನು ತುಂಬಿಸಿಕೊಂಡು ಮತ್ತೆ ಹಾರಿ, ಮಧ್ಯಾಹ್ನ ಎರಡು ಗಂಟೆಗೆ ಸ್ವಲ್ಪ ಮೊದಲೇ ಜುಹುವಿನ ನೆಲ ಮುಟ್ಟಿದರು. ಗೋಲದ ಮೇಲೆ ನಾನೇ ನೂಲು ಹಿಡಿದು ನೋಡಿದ್ದೇನೆ: ಕರಾಚಿಯಿಂದ ಅಹಮದಾಬಾದಿನ ಮೇಲಾಗಿ ಮುಂಬಯಿಗೆ ಸುಮಾರು 1,030 ಕಿಲೋಮೀಟರ್. ಗಾಡಿ ಎತ್ತುಗಳ ನಡಿಗೆಯೂ ಸೇರಿ ಏಳು ಗಂಟೆ ಚಿಲ್ಲರೆ. ಎತ್ತುಗಳು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಯಂತ್ರದ ವೇಗ ಎಷ್ಟಿದ್ದರೇನು? ದೂರದ ಪಯಣ ಆಕಾಶದಲ್ಲಿ ನಡೆದರೂ ಅದರ ಹೊತ್ತು ನಿರ್ಣಯವಾಗುವುದು ನೆಲದ ಮೇಲೆ ಎಂಬುದನ್ನು ಆ ಮೊದಲ ದಿನವೇ ಅವರು ಅರಿತರು.

ಮುಂಬಯಿಯಲ್ಲಿ ಅಂಚೆಯ ಚೀಲವನ್ನು ವಿನ್ಸೆಂಟನು ಪಡೆದುಕೊಂಡನು. ಮುಂದಿನ ನಿಲುಗಡೆ ನಮ್ಮ ಬಳ್ಳಾರಿ! ಆಗ ಬಳ್ಳಾರಿಯೂ, ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮುಂಬಯಿಯಿಂದ ಬಳ್ಳಾರಿಗೆ ಆರುನೂರು ಕಿಲೋಮೀಟರಿಗೆ ಮೇಲೆ; ಅಷ್ಟು ದೂರ ಹಾರುವಷ್ಟರಲ್ಲಿ ಸೂರ್ಯಾಸ್ತವಾಗುತ್ತಿತ್ತು. ರಾತ್ರಿ ಹಾರುವ ಅನುಕೂಲ ಇರಲಿಲ್ಲವಾದುದರಿಂದ ವಿಮಾನ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸಿಗೆ ಮುಟ್ಟಿತು. ಭಾರತದ ಮೊದಲ ವಿಮಾನ ಸಂಸ್ಥೆಯ ಮೊದಲ ಪಯಣದಲ್ಲಿ ಕನ್ನಡ ನಾಡಿನ ನೆಲಕ್ಕೂ ಒಂದು ಪಾಲು ದೊರೆತುದು ನಮಗೆ ಹೆಮ್ಮೆಯ ಸಂಗತಿಯಲ್ಲವೆ?

ಸಂಸ್ಥೆಯ ಒಟ್ಟು ಆಸ್ತಿ ಎರಡು ಪುಸ್ ಮಾತ್ ವಿಮಾನ, ಮೂವರು ಚಾಲಕರು, ಮೂವರು ಮೆಕ್ಯಾನಿಕರು. ನಿಲ್ದಾಣವೆಂದರೆ ಜುಹುವಿನ ಸಮುದ್ರದಂಚಿನ ಕೆಸರು ಬಯಲು ಮತ್ತು ಸೋಗೆ ಹೊದೆಸಿದ ಒಂದು ಗುಡಿಸಲು. ಮಳೆಗಾಲ ಬಂದರೆ ಬಯಲಿನಲ್ಲಿ ನೀರು ನಿಂತು ಎಲ್ಲರೂ ವಿಮಾನಗಳೊಡನೆ ಪುಣೆಗೆ ಗಂಟುಕಟ್ಟಬೇಕು. ಪಡುಗಡಲಿನ ಮಳೆ ಎಂಥದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಹೀಗಿದ್ದರೂ ಮೊದಲ ವರ್ಷದಲ್ಲಿ 1,60,000 ಮೈಲು ಹಾರಿ, 155 ಪ್ರಯಾಣಿಕರನ್ನೂ ಹತ್ತು ಟನ್ನುಗಳಷ್ಟು ಅಂಚೆಯನ್ನೂ ಸಾಗಿಸಿ, 60,000 ರೂಪಾಯಿ ಲಾಭ ಗಳಿಸಿದರು. ಇದಕ್ಕಿಂತ ಮಿಗಿಲಾದುದು ಅವರ ಸಮಯಪಾಲನೆ. ಮಳೆಯಿರಲಿ, ಮಂಜಿರಲಿ, ಹೇಳಿದ ಹೊತ್ತಿಗೆ ಅಂಚೆ ಇಳಿಯಬೇಕೆಂಬುದು ಅವರ ವ್ರತವಾಗಿತ್ತು. ವಿಮಾನ ಇಲಾಖೆಯ ಅಧಿಕಾರಿಗಳೇ ಅದನ್ನು ಮೆಚ್ಚಿ ವರದಿಯಲ್ಲಿ ಬರೆದರು.

ಮೂರು ವರ್ಷಗಳ ಬಳಿಕ, 1935ರಲ್ಲಿ, ಟಾಟಾ ವಿಮಾನಗಳು ಮುಂಬಯಿಯಿಂದ ಗೋವೆ, ಕಣ್ಣಾನೂರುಗಳ ಮೇಲಾಗಿ ತಿರುವನಂತಪುರಕ್ಕೆ ಹಾರತೊಡಗಿದವು. ಗೋವೆ ಮತ್ತು ಕಣ್ಣಾನೂರುಗಳ ನಡುವೆ ಇರುವುದು ನಮ್ಮದೇ ಕರಾವಳಿ. ಆ ವಿಮಾನಗಳ ಸದ್ದು ನಮ್ಮ ಹಿರಿಯರ ಕಿವಿಗೆ ಬಿದ್ದಿರಬಹುದು. ಆದರೆ ಅವು ಇಲ್ಲಿ ಇಳಿಯಲಿಲ್ಲ. ಮಂಗಳೂರಿಗೆ ವಿಮಾನ ನಿಲ್ದಾಣವೆಂಬುದು ಬಂದದ್ದು ಸ್ವಾತಂತ್ರ್ಯಾನಂತರ, 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಜ್ಪೆಯ ಗುಡ್ಡದ ಮೇಲೆ ಬಂದಿಳಿದಾಗ. ಬಳ್ಳಾರಿ ಕಂಡುದನ್ನು ಕಾಣಲು ನಾವು ಹತ್ತೊಂಬತ್ತು ವರ್ಷ ಕಾಯಬೇಕಾಯಿತು.

1938ರಲ್ಲಿ, ಮೂವತ್ತನಾಲ್ಕರ ಪ್ರಾಯದಲ್ಲಿ, ಜೆ. ಆರ್. ಡಿ. ಅವರು ಸಮಸ್ತ ಟಾಟಾ ಸಂಸ್ಥೆಗಳ ಅಧ್ಯಕ್ಷರಾದರು. ಉಕ್ಕು, ವಿದ್ಯುತ್ತು, ಮೋಟಾರು, ರಸಾಯನ ಮೊದಲಾದ ಉದ್ಯಮಗಳಲ್ಲಿ ಅವರು ಮಾಡಿದ ಕೆಲಸವನ್ನು ಹೇಳಹೊರಟರೆ ಈ ಲೇಖನ ಸಾಲದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ 1945ರಲ್ಲಿ ಹೋಮಿ ಭಾಭಾ ಅವರಿಗೆ ಬೆಂಬಲವಿತ್ತವರು ಅವರು. ಬೆಂಗಳೂರಿನಲ್ಲಿ 1988ರಲ್ಲಿ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ಅವರ ಕನಸು. ಪದವಿಯಿಲ್ಲದವರು ಪದವೀಧರರಿಗಾಗಿ ಇಷ್ಟೊಂದು ಮನೆಗಳನ್ನು ಕಟ್ಟಿಸಿದರು. ಆದರೂ ಅವರ ಮನಸ್ಸು ಇದ್ದದ್ದು ಆಕಾಶದಲ್ಲಿಯೇ. ಮಹಾಯುದ್ಧದ ನಡುವೆ, 1942ರಲ್ಲಿ, ಜೊತೆಗಾರ ವಿನ್ಸೆಂಟನು ಇಂಗ್ಲೆಂಡಿನಿಂದ ಹಿಂದಿರುಗುತ್ತಿದ್ದ ಸೇನಾವಿಮಾನದೊಡನೆ ಮಡಿದನು. ಗುಡಿಸಲಿನ ದಿನಗಳಿಂದ ಹೆಗಲೆಣೆಯಾಗಿದ್ದ ಗೆಳೆಯನ ಸಾವು ಅವರಿಗೆ ತುಂಬಲಾರದ ನಷ್ಟವಾಯಿತು.

1946ರಲ್ಲಿ ಟಾಟಾ ಏರ್‌ಲೈನ್ಸ್ ಎಂಬುದು ಏರ್ ಇಂಡಿಯಾ ಆಯಿತು. 1948ರಲ್ಲಿ ಸ್ವತಂತ್ರ ಭಾರತದ ಸರಕಾರದೊಡನೆ ಪಾಲುಗೂಡಿ ಹೊರದೇಶಗಳಿಗೆ ಹಾರುವ ಏರ್ ಇಂಡಿಯಾ ಇಂಟರ್‌ನ್ಯಾಶನಲ್ ಹುಟ್ಟಿತು. ಆ ವರ್ಷದ ಜೂನ್ 8ರ ರಾತ್ರಿ ಮಲಬಾರ್ ಪ್ರಿನ್ಸೆಸ್ ಎಂಬ ಹೆಸರಿನ, ನಾಲ್ಕು ಯಂತ್ರಗಳ ವಿಮಾನವು ಮುಂಬಯಿಯಿಂದ ಹೊರಟು ಕೈರೋ, ಜಿನೀವಾಗಳಲ್ಲಿ ಇಳಿದು ಜೂನ್ 10ರಂದು ಲಂಡನ್ ತಲುಪಿತು. ದಾರಿ ಸುಮಾರು 8,000 ಕಿಲೋಮೀಟರ್. ಅದರಲ್ಲಿ ಜೆ. ಆರ್. ಡಿ. ಅವರೂ ಇದ್ದರು. ಹಡಗಿನಲ್ಲಿ ವಾರಗಳನ್ನು ಕಳೆದಿದ್ದ ಬಾಲಕನು ತನ್ನ ದೇಶದ ಧ್ವಜ ಹೊತ್ತ ವಿಮಾನದಲ್ಲಿ ಎರಡು ದಿನದೊಳಗೆ ಆ ದಾರಿಯನ್ನು ಕ್ರಮಿಸಿದನು. 1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದು ನ್ಯೂಯಾರ್ಕಿನ ದಾರಿಯೂ ತೆರೆಯಿತು. 1962ರ ವೇಳೆಗೆ ಏರ್ ಇಂಡಿಯಾದ ಎಲ್ಲ ವಿಮಾನಗಳೂ ಜೆಟ್ಟುಗಳಾದವು.

ಈ ಮಧ್ಯೆ 1953ರಲ್ಲಿ ಸರಕಾರವು ವಿಮಾನ ಸಂಸ್ಥೆಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ತಮ್ಮೊಡನೆ ಸರಿಯಾಗಿ ವಿಚಾರ ಮಾಡದೆ ಹೀಗೆ ಮಾಡಿದರೆಂದು ಜೆ. ಆರ್. ಡಿ. ಬಹಳ ನೊಂದುಕೊಂಡರು. ಆದರೆ ಮುನಿದು ಮೂಲೆ ಹಿಡಿಯಲಿಲ್ಲ. ಏರ್ ಇಂಡಿಯಾದ ಅಧ್ಯಕ್ಷರಾಗಿರಬೇಕೆಂದು ಸರಕಾರ ಕೋರಿದಾಗ ಒಪ್ಪಿ, ಸಂಬಳವಿಲ್ಲದೆ ಇಪ್ಪತ್ತೈದು ವರ್ಷ ದುಡಿದರು. ಸ್ವಂತದ್ದನ್ನು ಕಳೆದುಕೊಂಡ ಮೇಲೂ ಅದನ್ನು ಸ್ವಂತದ್ದೆಂಬಂತೆ ನೋಡಿಕೊಂಡವರು ಎಷ್ಟು ಮಂದಿ ಸಿಗುತ್ತಾರೆ? ವಿಮಾನದಲ್ಲಿ ಹೋದಾಗಲೆಲ್ಲ ಅವರು ಕಂಡ ಕುಂದುಗಳನ್ನು ಬರೆದು ಅಧಿಕಾರಿಗಳಿಗೆ ಕಳುಹಿಸುತ್ತಿದ್ದರು: ಪರದೆಯ ಬಣ್ಣ, ಕುರ್ಚಿಯ ಒರಗು, ಚಹಾವನ್ನೂ ಕಾಫಿಯನ್ನೂ ನೋಡಿ ಬೇರ್ಪಡಿಸಲಾಗದ ಸ್ಥಿತಿ, ಯಾವುದೂ ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ಕಚೇರಿಯ ಮೇಜಿನ ಮೇಲೆ ಧೂಳು ಕಂಡರೆ ತಾವೇ ಬಟ್ಟೆ ತೆಗೆದುಕೊಂಡು ಒರೆಸಿದುದುಂಟು. ಎತ್ತಿನ ಗಾಡಿಯಲ್ಲಿ ಬಂದ ಎಣ್ಣೆಯ ಪಾಠವನ್ನು ಅವರು ಮರೆತಿರಲಿಲ್ಲವೆಂದು ನಾನು ಭಾವಿಸುತ್ತೇನೆ.

1978ರ ಜನವರಿ 1ರಂದು ಏರ್ ಇಂಡಿಯಾದ ಎಂಪರರ್ ಅಶೋಕ ವಿಮಾನವು ಮುಂಬಯಿಯಿಂದ ಏರಿದ ಕೆಲವೇ ಕ್ಷಣಗಳಲ್ಲಿ ಸಮುದ್ರಕ್ಕೆ ಬಿದ್ದು 213 ಮಂದಿ ಮೃತರಾದರು. ಆ ದುಃಖ ಆರುವ ಮೊದಲೇ, ಮರುತಿಂಗಳು, ಅಂದಿನ ಮೊರಾರ್ಜಿ ದೇಸಾಯಿಯವರ ಸರಕಾರವು ಅವರನ್ನು ಅಧ್ಯಕ್ಷಸ್ಥಾನದಿಂದ ಬಿಡಿಸಿತು. ಆ ಸುದ್ದಿ ಅವರಿಗೆ ಸರಕಾರದ ಪತ್ರಕ್ಕಿಂತ ಮೊದಲು ಬೇರೆಯವರ ಬಾಯಿಂದ ತಿಳಿಯಿತು. ಅಂಚೆಯನ್ನು ಹೊತ್ತಿಗೆ ತಲುಪಿಸಿ ಹೆಸರಾದವರಿಗೆ ಅವರದೇ ಪತ್ರ ಹೊತ್ತಿಗೆ ಬರಲಿಲ್ಲ! 1980ರಲ್ಲಿ ಇಂದಿರಾ ಗಾಂಧಿಯವರು ಮತ್ತೆ ಅವರನ್ನು ಆಡಳಿತ ಮಂಡಲಿಗೆ ಸೇರಿಸಿಕೊಂಡರು.

ಮೊದಲ ಹಾರಾಟಕ್ಕೆ ಐವತ್ತು ವರ್ಷ ತುಂಬಿದಂದು, 1982ರ ಅಕ್ಟೋಬರ್ 15ರಂದು, ಎಪ್ಪತ್ತೆಂಟರ ವೃದ್ಧರು ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನವೇರಿ ಕರಾಚಿಯಿಂದ ಮುಂಬಯಿಗೆ ಅದೇ ದಾರಿಯಲ್ಲಿ ಮತ್ತೊಮ್ಮೆ ಹಾರಿದರು. ಹೊಸ ಕಾಲದ ತರುಣರಲ್ಲಿ ಸಾಹಸದ ಉತ್ಸಾಹ ಉಳಿಯಲಿ ಎಂಬುದು ಅವರ ಇಚ್ಛೆಯಾಗಿತ್ತು. 1992ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಕೊನೆಯುಸಿರೆಳೆದರು. ಹುಟ್ಟಿದ ಪ್ಯಾರಿಸ್ಸಿನ ಪೇರ್ ಲಾಷೇಸ್ ಶ್ಮಶಾನದಲ್ಲಿ ಅವರ ಸಮಾಧಿಯಿದೆ.

ಅವರು ಹೋದ ಮೇಲೂ ದಾರಿ ಬೆಳೆಯಿತು. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದನ್ನು ಮಹಿಳೆಯರೇ ನಡೆಸಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ಎಲ್ಲಿಯೂ ಇಳಿಯದೆ ತಂದರು. ಗೋಡೆಯ ನಕಾಶೆಯಲ್ಲಿ ನೋಡಿದರೆ ಶಾಂತಸಾಗರವನ್ನು ಅಡ್ಡಕ್ಕೆ ದಾಟಬೇಕೆನಿಸುತ್ತದೆ. ಗೋಲದ ಮೇಲೆ ನೂಲು ಎಳೆದಾಗಲೋ, ಅದು ಸರ್ರನೆ ಮೇಲಕ್ಕೆ ಸರಿದು ಉತ್ತರ ಧ್ರುವದ ಬಳಿಯಲ್ಲಿ ಹಾದುಹೋಯಿತು! ಅವರು ಹಾರಿದುದೂ ಆ ಧ್ರುವದ ದಾರಿಯಲ್ಲಿಯೇ. ನೇರ ದೂರ ಸುಮಾರು 14,000 ಕಿಲೋಮೀಟರ್. ಹೊತ್ತು ಹದಿನೇಳು ಗಂಟೆ. ಗಂಟೆಗೆ ನೂರು ಮೈಲು ಹಾರುತ್ತಿದ್ದ ಪುಸ್ ಮಾತ್ ವಿಮಾನಕ್ಕೆ ಇಷ್ಟು ದೂರ ನಿಲ್ಲದೆ ಹಾರಿದರೂ ಸುಮಾರು ಎಂಬತ್ತೇಳು ಗಂಟೆ, ಅಂದರೆ ಮೂರೂವರೆ ದಿನ ಬೇಕಾಗುತ್ತಿತ್ತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಮರಳಿ ಟಾಟಾ ಸಂಸ್ಥೆಯ ಕೈಸೇರಿತು. ಅದನ್ನು ನೋಡಲು ಜೆ. ಆರ್. ಡಿ. ಇರಲಿಲ್ಲ.

ಜೆ. ಆರ್. ಡಿ. ಅವರು ಹುಟ್ಟಿನಿಂದಲೇ ಶ್ರೀಮಂತರು. ಅವರ ಕಾಲದ ವಿಮಾನಗಳಲ್ಲಿ ಹೋದವರು ರಾಜರು, ವರ್ತಕರು, ಅಧಿಕಾರಿಗಳು. ನಮ್ಮಂಥವರ ಮನೆಯವರು ಬಹುಕಾಲ ಕತ್ತೆತ್ತಿ ನೋಡಿದ್ದಷ್ಟೆ. ಇಂದು ಬಜ್ಪೆಯಿಂದ ಕೊಲ್ಲಿ ದೇಶಗಳಿಗೆ ಹೋಗುವ ವಿಮಾನದಲ್ಲಿ ಕೂರುವವರು ಗಾರೆ ಕೆಲಸದವರು, ಚಾಲಕರು, ಅಡುಗೆಯವರು, ನರ್ಸುಗಳು. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಿಂದ ಜಾರಿ ಉರಿದು 158 ಮಂದಿ ಪ್ರಾಣ ತೆತ್ತರು, ಎಂಟೇ ಮಂದಿ ಬದುಕುಳಿದರು. ಸತ್ತವರಲ್ಲಿ ಎಷ್ಟೋ ಮಂದಿ ನಮ್ಮ ಜಿಲ್ಲೆಯ, ಕಾಸರಗೋಡಿನ ಮನೆಗಳವರು. ನಾನಾಗ ಚಿಕ್ಕ ಮಗು. ಅಂದಿನಿಂದ ನಮ್ಮೂರಿನ ತಾಯಂದಿರು ವಿಮಾನ ನೆಲ ಮುಟ್ಟಿತೆಂಬ ಕರೆ ಬರುವವರೆಗೆ ಒಲೆಯ ಮೇಲೆ ಅನ್ನವಿಡುವುದಿಲ್ಲ. ದಾರಿ ಕಿರಿದಾಯಿತೆಂದು ದಾರಿಯ ಕಾಳಜಿ ಕಿರಿದಾಗುವಂತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ಜೀವನವನ್ನು ಓದಿ ನಾನು ಕಂಡುಕೊಂಡುದು ಇಷ್ಟೆ. ಎರಡು ನಿಲ್ದಾಣಗಳ ನಡುವಿನ ದೂರ ಬದಲಾಗುವುದಿಲ್ಲ. ವಾಸ್ಕೋ ಡ ಗಾಮನ ಕಾಲದಲ್ಲಿ ಎಷ್ಟಿತ್ತೋ ಇಂದೂ ಅಷ್ಟೆ. ಬದಲಾಗುವುದು ಹೊತ್ತು. ಅದನ್ನು ಕಡಿಮೆ ಮಾಡುವುದು ಯಂತ್ರವೊಂದೇ ಅಲ್ಲ. ಎಣ್ಣೆ ತರುವ ಗಾಡಿಯವನಿಂದ ಹಿಡಿದು ಕಡತಕ್ಕೆ ಸಹಿ ಹಾಕುವ ಅಧಿಕಾರಿಯವರೆಗೆ, ಎದುರಿಗಿರುವವನ ಹೊತ್ತು ತನ್ನದರಷ್ಟೇ ಬೆಲೆಯುಳ್ಳದ್ದೆಂದು ತಿಳಿದವರು ಎಲ್ಲರೂ ಸೇರಿ ಅದನ್ನು ಕಡಿಮೆ ಮಾಡುತ್ತಾರೆ. ಅಂಥವರು ಒಬ್ಬರು ಕಡಿಮೆಯಾದರೆ ನಾಲ್ಕು ಗಂಟೆ ಮೂರು ದಿನವಾಗುತ್ತದೆ. ನಾಳೆ ನಾವೂ ಪದವಿ ಪಡೆದು ಯಾವುದೋ ಕಚೇರಿಯ ಮೇಜಿನ ಹಿಂದೆ ಕೂರುವವರು. ನಮ್ಮೆದುರು ರಜೆಗಾಗಿಯೋ, ಒಂದು ಕಾಗದಕ್ಕಾಗಿಯೋ ನಿಂತವನು ಎಷ್ಟು ದೂರ ಹೋಗಬೇಕಾದವನೆಂದು ಆಗ ನೆನೆದರೆ ಅದೇ ಜೆ. ಆರ್. ಡಿ. ಅವರಿಗೆ ನಾವು ಸಲ್ಲಿಸುವ ಗೌರವ.

ಅಜ್ಜಿಗೆ ಉತ್ತರ ಹೇಳಿದೆನು. 2,450 ಕಿಲೋಮೀಟರ್ ಎಂದರೆ ಅವಳಿಗೆ ತಿಳಿಯಲಿಲ್ಲ. ನಾಲ್ಕು ಗಂಟೆ ಎಂದೆ. ಅಮ್ಮ ಇನ್ನೂರು ಬೀಡಿ ಕಟ್ಟುವಷ್ಟು ಹೊತ್ತು ಎಂದು ವಿವರಿಸಿದೆ. ಅಷ್ಟೇಯೇ ಎಂದು ಕೇಳಿ ಅವಳು ಸುಮ್ಮನಾದಳು. ಹೊರಗೆ ಕತ್ತಲಾಗಿತ್ತು. ಹೊಳೆಯ ಮೇಲಿಂದ ವಿಮಾನವೊಂದು ಬಜ್ಪೆಯ ಕಡೆಗೆ ತಿರುಗುತ್ತಿತ್ತು. ಅಜ್ಜಿ ಎದ್ದು ಅಂಗಳಕ್ಕೆ ಹೋಗಿ, ಅದರ ದೀಪ ಗುಡ್ಡದ ಹಿಂದೆ ಮರೆಯಾಗುವ ತನಕ ನೋಡುತ್ತ ನಿಂತಳು.